ಫಾರ್ಮ್ಯಾಟ್ ಮಾಡಿಸೋ ಮುಂಚೆ ಸ್ವಲ್ಪ ತಡೀರಿ

ನಮ್ಮ ಕಡೆ ಕಂಪ್ಯೂಟರ್ ಸರ್ವಿಸ್ ಅಂಗಡಿಗಳಲ್ಲಿ ಎಲ್ಲ ಕಾಯಿಲೆಗೂ ಒಂದೇ ಮದ್ದು: ಫಾರ್ಮ್ಯಾಟ್, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕೋದು. ಸಿಸ್ಟಮ್ ಸ್ಲೋ ಆಗಿದೆಯಾ, ಫಾರ್ಮ್ಯಾಟ್. ಪ್ರಿಂಟರ್ ಮಾತು ಕೇಳ್ತಿಲ್ವಾ, ಫಾರ್ಮ್ಯಾಟ್. ಹೊಸ ಸಾಫ್ಟ್‌ವೇರ್ ಹಾಕಿದ ಮೇಲೆ ವಿಂಡೋಸ್ ಓಪನ್ನೇ ಆಗ್ತಿಲ್ವಾ, ಹಾಗಾದರೆ ಕೇಳೋದೇ ಬೇಡ. ತುಮಕೂರಿನ ಇಂಥದ್ದೇ ಒಂದು ಅಂಗಡಿಯಲ್ಲಿ ನಾನೂ ಕೆಲವು ವರ್ಷ ಕೆಲಸ ಮಾಡಿದವಳು. ಇದರ ಹಿಂದಿನ ಲೆಕ್ಕಾಚಾರ ಗೊತ್ತಿದೆ. ಫಾರ್ಮ್ಯಾಟ್ ಮಾಡೋಕೆ ತಲೆ ಓಡಿಸಬೇಕಿಲ್ಲ. ಎಷ್ಟು ಹೊತ್ತಿಗೆ ಮುಗಿಯುತ್ತೆ ಅಂತ ಮೊದಲೇ ಹೇಳಬಹುದು. ರೇಟೂ ಫಿಕ್ಸ್. ಅದೇ ತೊಂದರೆ ಎಲ್ಲಿದೆ ಅಂತ ಹುಡುಕೋಕೆ ಕೂತರೆ ಅರ್ಧ ದಿನ ಹೋಗುತ್ತೆ. ಕೊನೆಗೆ ಗಿರಾಕಿ, "ಏನೂ ಹೊಸದು ಹಾಕಿಲ್ವಲ್ಲಮ್ಮ, ಇಷ್ಟು ದುಡ್ಡು ಯಾಕೆ?" ಅಂತಾರೆ. ಹಾಗಾಗಿ ಅಂಗಡಿಯವರನ್ನು ಪೂರ್ತಿ ಬೈಯೋಕೂ ನನಗೆ ಮನಸ್ಸು ಬರಲ್ಲ.

ಆದರೆ ಅಕ್ಕನ ಕಂಪ್ಯೂಟರಿಗೆ ಆ ಮಾತು ಬಂದಾಗ ಸುಮ್ಮನಿರೋಕೆ ಆಗಲಿಲ್ಲ.

ಅಕ್ಕನದು ತಿಪಟೂರಿನಲ್ಲಿ ಪುಟ್ಟ ಡಿಟಿಪಿ ಅಂಗಡಿ. ಝೆರಾಕ್ಸ್, ಪಹಣಿ ಪ್ರಿಂಟು, ಅರ್ಜಿ ಟೈಪ್ ಮಾಡೋದು, ಲಗ್ನಪತ್ರಿಕೆ, ತಿಥಿ ಕಾರ್ಡು, ಕೊಬ್ಬರಿ ಮಂಡಿಯವರ ಬಿಲ್ ಪುಸ್ತಕ. ಇದೆಲ್ಲ ನಡೆಯೋದು ವಿಂಡೋಸ್ 10 ಇರೋ ಒಂದು ಹಳೇ ಡೆಸ್ಕ್‌ಟಾಪ್ ಮೇಲೆ. ಮದುವೆ ಸೀಸನ್ ನಡುವೆ ಒಂದು ಬೆಳಗ್ಗೆ ಫೋನ್ ಬಂತು.

"ಕಂಪ್ಯೂಟರ್ ಆನೇ ಆಗ್ತಿಲ್ಲ ಕಣೇ."

ಸರ್ವಿಸ್ ಅಂಗಡಿಯಲ್ಲಿ ನಾನು ಅತಿ ಹೆಚ್ಚು ಕೇಳಿದ ವಾಕ್ಯ ಇದೇ. ಇದನ್ನು ಇದ್ದ ಹಾಗೇ ನಂಬಬಾರದು. ಪ್ಲಗ್ ಕಿತ್ತು ಹೋಗಿದ್ದರೂ ಆನ್ ಆಗ್ತಿಲ್ಲ, ಮಾನಿಟರ್ ಕೇಬಲ್ ಸಡಿಲ ಆಗಿದ್ದರೂ ಆನ್ ಆಗ್ತಿಲ್ಲ, ಪಾಸ್‌ವರ್ಡ್ ಮರೆತಿದ್ದರೂ ಆನ್ ಆಗ್ತಿಲ್ಲ. ಎಲ್ಲಿಯವರೆಗೆ ಬಂದು ನಿಲ್ಲುತ್ತೆ ಅನ್ನೋದೇ ಮುಖ್ಯ.

"ಫ್ಯಾನ್ ಸದ್ದು ಬರ್ತಿದೆಯಾ?"

"ಬರ್ತಿದೆ."

"ಕಂಪನಿ ಲೋಗೋ ಬರುತ್ತಾ?"

"ಬರುತ್ತೆ. ಕೆಳಗೆ ಚುಕ್ಕಿಗಳು ಸುತ್ತುತ್ತವೆ. ಆಮೇಲೆ ನೀಲಿ ಆಗಿ, ಅಳುಮುಖದ ಚಿತ್ರ ಬಂದು, ತಾನೇ ಆಫ್ ಆಗಿ ಮತ್ತೆ ಲೋಗೋ. ಬೆಳಗ್ಗೆಯಿಂದ ಇದೇ ನಾಟಕ."

ಅರ್ಧ ರೋಗ ಇಲ್ಲೇ ಗೊತ್ತಾಯಿತು. ಲೋಗೋ ಬಂತು ಅಂದರೆ ಪವರ್, ಮದರ್‌ಬೋರ್ಡ್, ರ್‍ಯಾಮ್ ಎಲ್ಲ ಸುಮಾರಾಗಿ ನೆಟ್ಟಗಿವೆ. ಚುಕ್ಕಿಗಳು ಸುತ್ತಿದವು ಅಂದರೆ ಡಿಸ್ಕ್ ಸಿಕ್ಕಿದೆ, ಅದರಲ್ಲಿರೋ ವಿಂಡೋಸ್ ಕೂಡ ಸಿಕ್ಕಿದೆ, ಅದು ಎದ್ದೇಳಲು ಶುರು ಮಾಡಿದೆ. ಡಿಸ್ಕೇ ಸತ್ತಿದ್ದರೆ ಸಾಮಾನ್ಯವಾಗಿ ಅಷ್ಟು ದೂರ ಬರೋದೇ ಇಲ್ಲ, ಕಪ್ಪು ಪರದೆ ಮೇಲೆ "ನೋ ಬೂಟಬಲ್ ಡಿವೈಸ್" ಅಂತಲೋ ಇನ್ನೇನೋ ಬಂದು ನಿಲ್ಲುತ್ತೆ. (ಆ ಮೆಸೇಜ್ ಬಂದ ಎಷ್ಟೋ ಕೇಸುಗಳಲ್ಲಿ ಗಿರಾಕಿಯ ಪೆನ್ ಡ್ರೈವ್ ಸಿಕ್ಕಿಸಿದ ಹಾಗೇ ಇರುತ್ತಿತ್ತು. ಕಂಪ್ಯೂಟರ್ ಪಾಪ ಅದರಲ್ಲಿ ವಿಂಡೋಸ್ ಹುಡುಕುತ್ತಾ ಕೂತಿರುತ್ತೆ. ಕಿತ್ತರೆ ಮುಗೀತು.) ಚುಕ್ಕಿ ಸುತ್ತುವಾಗ ನೀಲಿ ಪರದೆ ಬಂತು ಅಂದರೆ ಮೊದಲು ಡ್ರೈವರ್ (ವಿಂಡೋಸಿನ ಒಳಗೇ ಕೂತು ಕೆಲಸ ಮಾಡೋ ಪುಟ್ಟ ಸಾಫ್ಟ್‌ವೇರ್) ಮೇಲೆ ಅನುಮಾನ. ಡ್ರೈವರ್ ಅಂತ ಯಾಕೆ ಹೇಳ್ತಿದೀನಿ ಅಂದರೆ, ಮಾಮೂಲಿ ಸಾಫ್ಟ್‌ವೇರ್ ಕೆಟ್ಟರೆ ಅದೊಂದೇ ಕ್ಲೋಸ್ ಆಗುತ್ತೆ. ಡ್ರೈವರ್ ಓಡೋದು ವಿಂಡೋಸಿನ ಒಳಮನೆಯಲ್ಲಿ, ಕರ್ನೆಲ್‌ನಲ್ಲಿ. ಅಲ್ಲಿ ಯಾರಾದರೂ ಎಡವಿದರೆ, ಇರೋ ಡೇಟಾ ಇನ್ನೂ ಹಾಳಾಗೋದು ಬೇಡ ಅಂತ ವಿಂಡೋಸ್ ತಾನೇ ಇಡೀ ಸಿಸ್ಟಮ್ ನಿಲ್ಲಿಸಿಬಿಡುತ್ತೆ. ನೀಲಿ ಪರದೆ ಅಂದರೆ ಅದೇ. ಈಗಿನ ವಿಂಡೋಸ್ 11ರಲ್ಲಿ ಅದು ಕಪ್ಪಗಾಗಿದೆ, ಅಳುಮುಖವನ್ನೂ ತೆಗೆದಿದ್ದಾರೆ.

"ಕೊನೇದಾಗಿ ಏನು ಇನ್‌ಸ್ಟಾಲ್ ಮಾಡಿದೆ?"

"ಏನೂ ಮಾಡಿಲ್ಲ. ನಿನ್ನೆ ಮಧ್ಯಾಹ್ನದವರೆಗೂ ಚೆನ್ನಾಗೇ ಇತ್ತು. ಆಮೇಲೆ ಕರೆಂಟ್ ಹೋಯ್ತು, ಸಂಜೆವರೆಗೂ ಬರಲಿಲ್ಲ. ಯುಪಿಎಸ್ಸೂ ಕೂಗಿ ಕೂಗಿ ಆಫ್ ಆಯ್ತು."

ಭಾವ ಆಗಲೇ ಸರ್ವಿಸ್‌ನವನಿಗೆ ಫೋನ್ ಮಾಡಿ ಆಗಿತ್ತು. ಅವನು ಮಷೀನ್ ನೋಡದೆಯೇ ಹೇಳಿದ್ದ: ಕರೆಂಟ್ ಹೋಗಿದ್ದಕ್ಕೆ ವಿಂಡೋಸ್ ಕರಪ್ಟ್ ಆಗಿದೆ, ಫಾರ್ಮ್ಯಾಟ್ ಮಾಡಬೇಕು, ಸಂಜೆಯೊಳಗೆ ಕೊಡ್ತೀನಿ. "ಸಂಜೆಯೊಳಗೆ" ಅನ್ನೋದು ಭಾವನಿಗೆ ಬಹಳ ಹಿಡಿಸಿತ್ತು. ನಾನು ಬರೋವರೆಗೂ ಯಾರಿಗೂ ಕೊಡಬೇಡಿ ಅಂತ ಹೇಳಿ ಟ್ರೈನ್ ಹತ್ತಿದೆ.

ಡಿಟಿಪಿ ಮಾಡೋರ ಮಷೀನ್ ಫಾರ್ಮ್ಯಾಟ್ ಆದರೆ ಏನಾಗುತ್ತೆ ಅನ್ನೋದು ಹೊರಗಿನವರಿಗೆ ಅಷ್ಟು ಅರ್ಥ ಆಗಲ್ಲ. ಅಕ್ಕನ ಹತ್ತಿರ ಹದಿನೈದು ವರ್ಷದ ಲಗ್ನಪತ್ರಿಕೆ ಡಿಸೈನುಗಳಿವೆ, ಜಾಸ್ತಿ ಪೇಜ್‌ಮೇಕರ್ ಅನ್ನೋ ಪುಟ ವಿನ್ಯಾಸದ ಸಾಫ್ಟ್‌ವೇರಿನಲ್ಲಿ. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ಅದೇ ಕೊನೆಯ ಆವೃತ್ತಿ. ಅಡೋಬಿಯವರು ಅದನ್ನು ಕೈಬಿಟ್ಟು ಎಷ್ಟೋ ಕಾಲ ಆಯಿತು, ನಮ್ಮ ಪ್ರೆಸ್‌ನೋರು ಇನ್ನೂ ಬಿಟ್ಟಿಲ್ಲ. ಅದಕ್ಕೆ ಯುನಿಕೋಡ್, ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಇರೋ ಒಂದೇ ಸಾಮಾನ್ಯ ಪದ್ಧತಿ, ಗೊತ್ತಿಲ್ಲ. ಯುನಿಕೋಡ್‌ನಲ್ಲಿ ಕನ್ನಡ 1991ರ ಮೊದಲ ಆವೃತ್ತಿಯಿಂದಲೇ ಇದೆ, ಆದರೂ ಪೇಜ್‌ಮೇಕರ್‌ನಲ್ಲಿ ಕೂತವರಿಗೆ ನುಡಿ, ಶ್ರೀಲಿಪಿ, ಬರಹದ ಹಳೇ ಫಾಂಟುಗಳೇ ಗತಿ. ಆ ಫಾಂಟು ಇಲ್ಲದ ಮಷೀನಿನಲ್ಲಿ ಫೈಲ್ ತೆರೆದರೆ "ಶುಭ ವಿವಾಹ" ಇರೋ ಜಾಗದಲ್ಲಿ ಇಂಗ್ಲಿಷ್ ಅಕ್ಷರ, ತಲೆಮೇಲೆ ಚುಕ್ಕಿ, ಬಾಲ, ಕೊಕ್ಕೆ ಎಲ್ಲ ಕಲಸಿದ ಒಂದು ಸಾಲು ಬರುತ್ತೆ. ವಧುವಿನ ತಾತನ ಹೆಸರು ಯಾವುದು, ಛತ್ರದ ವಿಳಾಸ ಯಾವುದು ಅಂತ ದೇವರೇ ಹೇಳಬೇಕು. ಫೈಲ್ ಇರುತ್ತೆ, ಆದರೆ ಓದೋಕೆ ಆಗಲ್ಲ. ಫಾರ್ಮ್ಯಾಟ್ ಮಾಡೋ ಹುಡುಗ "ಡೇಟಾ ಬ್ಯಾಕಪ್ ತೆಗೀತೀನಿ ಮೇಡಮ್" ಅಂತ ಡಾಕ್ಯುಮೆಂಟ್ಸ್ ಫೋಲ್ಡರ್ ಕಾಪಿ ಮಾಡ್ತಾನೆ. ಫಾಂಟ್ಸ್ ಫೋಲ್ಡರ್ ಯಾರೂ ನೆನಪು ಮಾಡ್ಕೊಳ್ಳಲ್ಲ. ಪೇಜ್‌ಮೇಕರ್ ಸಿಡಿ ಯಾವ ಕಾಲದಲ್ಲೋ ಕಳೆದಿರುತ್ತೆ.

ಅಂಗಡಿಗೆ ಹೋದ ತಕ್ಷಣ ಮೊದಲು ಯುಪಿಎಸ್ ಪೂರ್ತಿ ಚಾರ್ಜ್ ಆಗಿದೆಯಾ ನೋಡಿದೆ. ರಿಪೇರಿ ಮಧ್ಯೆ ಕರೆಂಟ್ ಹೋದರೆ ಇದ್ದ ತೊಂದರೆಗೆ ಇನ್ನೊಂದು ಸೇರಿಕೊಳ್ಳುತ್ತೆ. ಆಮೇಲೆ ಪ್ರಿಂಟರ್, ಸ್ಕ್ಯಾನರ್, ಪೆನ್ ಡ್ರೈವ್, ಡಾಂಗಲ್ ಎಲ್ಲ ಕಿತ್ತೆ. ಕೀಬೋರ್ಡ್, ಮೌಸ್, ಮಾನಿಟರ್ ಮಾತ್ರ ಉಳಿಸಿದೆ. ಆನ್ ಮಾಡಿ, ನೀಲಿ ಪರದೆ ಬಂದ ಕ್ಷಣ ಮೊಬೈಲಿನಲ್ಲಿ ಫೋಟೋ ತೆಗೆದೆ. ಇದನ್ನು ಎಲ್ಲರೂ ಮಾಡಿ. ಆ ಪರದೆ ಕೆಲವೇ ಸೆಕೆಂಡ್ ಇರುತ್ತೆ, ಕಣ್ಣಿಗೆ ಅಳುಮುಖ ಮಾತ್ರ ಕಾಣುತ್ತೆ. ಫೋಟೋ ದೊಡ್ಡದು ಮಾಡಿ ನೋಡಿದರೆ ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು. ಒಂದು ಸ್ಟಾಪ್ ಕೋಡ್: "ಸಿಸ್ಟಮ್ ಥ್ರೆಡ್ ಎಕ್ಸೆಪ್ಶನ್ ನಾಟ್ ಹ್ಯಾಂಡಲ್ಡ್". ಅದರ ಕೆಳಗೆ "ವಾಟ್ ಫೇಲ್ಡ್" ಅಂತ ಇದ್ದು, ಮುಂದೆ ಒಂದು ಫೈಲಿನ ಹೆಸರು, ಕೊನೆಗೆ ಡಾಟ್ ಸಿಸ್. ಎಲ್ಲ ಸಲವೂ ಈ ಎರಡನೇ ಸಾಲು ಬರಲ್ಲ. ಬಂದರೆ ನಿಮ್ಮ ಅದೃಷ್ಟ, ಕಳ್ಳ ಹೆಸರು ಬರೆದಿಟ್ಟೇ ಹೋಗಿದ್ದಾನೆ ಅಂತ ಲೆಕ್ಕ.

ಆ ಹೆಸರನ್ನು ಫೋನಿನಲ್ಲಿ ಹುಡುಕಿದರೆ ಒಂದು ಆಂಟಿವೈರಸ್ಸಿನದು. ಅಕ್ಕ ದುಡ್ಡು ಕೊಟ್ಟು ಹಾಕಿಸಿದ ಆಂಟಿವೈರಸ್ ಅಂತೂ ಅಲ್ಲ, ಬೇರೆ.

"ಇದನ್ನ ಯಾರು ಹಾಕಿದ್ದು?"

ಅಕ್ಕ ಒಂದು ಕ್ಷಣ ಯೋಚನೆ ಮಾಡಿದಳು. "ಓ, ಅದಾ? ಯುಪಿಎಸ್ ಬ್ಯಾಟರಿ ಬದಲಾಯಿಸೋಕೆ ಬಂದಿದ್ದನಲ್ಲ, ಆ ಹುಡುಗ. ಪೆನ್ ಡ್ರೈವ್‌ನಲ್ಲಿ ವೈರಸ್ ಜಾಸ್ತಿ ಬರ್ತಿದೆ ಅಂದೆ. ನಿಮ್ಮದು ಎಕ್ಸ್‌ಪೈರ್ ಆಗಿದೆ, ಇದನ್ನ ಹಾಕ್ಕೊಳ್ಳಿ, ಫ್ರೀ ಅಂತ ಹಾಕಿಕೊಟ್ಟ. ಆದರೆ ಅದು ಹೋದ ವಾರ! ಆಮೇಲೆ ದಿನಾ ಆಫ್ ಮಾಡಿ ಆನ್ ಮಾಡಿದೀನಿ, ಏನೂ ಆಗಿರಲಿಲ್ಲ."

ಈ ಮಾತಿಗೇ ಎಲ್ಲರೂ ದಾರಿ ತಪ್ಪೋದು. ವಿಂಡೋಸ್ 8 ಬಂದಾಗಿನಿಂದ ಫಾಸ್ಟ್ ಸ್ಟಾರ್ಟಪ್ ಅಂತ ಒಂದು ವ್ಯವಸ್ಥೆ ಇದೆ. ನೀವು ಶಟ್‌ಡೌನ್ ಒತ್ತಿದರೆ ವಿಂಡೋಸ್ ಪೂರ್ತಿ ಮಲಗಲ್ಲ. ತೆರೆದ ಪ್ರೋಗ್ರಾಮುಗಳನ್ನು ಮುಚ್ಚಿ, ಕರ್ನೆಲ್ ಮತ್ತು ಡ್ರೈವರುಗಳು ಇದ್ದ ಸ್ಥಿತಿಯನ್ನು ಹಾಗೇ ಡಿಸ್ಕಿಗೆ ಬರೆದಿಟ್ಟು ಆಫ್ ಆಗುತ್ತೆ. ಬೆಳಗ್ಗೆ ಆನ್ ಮಾಡಿದಾಗ ಅದನ್ನೇ ವಾಪಸ್ ಓದಿಕೊಳ್ಳುತ್ತೆ, ಹೊಸದಾಗಿ ಏಳಲ್ಲ. ಪೂರ್ತಿ ಹೊಸದಾಗಿ ಏಳೋದು ರೀಸ್ಟಾರ್ಟ್ ಕೊಟ್ಟಾಗ, ಇಲ್ಲವೇ ಹೀಗೆ ದಿಢೀರನೆ ಕರೆಂಟ್ ಹೋಗಿ ಮತ್ತೆ ಆನ್ ಮಾಡಿದಾಗ. ಬೂಟ್ ಆಗುವಾಗಲೇ ಲೋಡ್ ಆಗಬೇಕಾದ ಡ್ರೈವರ್ ಒಂದು ವಾರ ಸುಮ್ನೆ ಕೂತಿತ್ತು. ಅದರ ಸರದಿ ಬಂದದ್ದು ಕರೆಂಟ್ ಹೋದ ಮೇಲೆ. ಹಾಗಾಗಿ ಎಲ್ಲರೂ ಕರೆಂಟನ್ನು ಬೈದರು. ಕರೆಂಟ್ ಮಾಡಿದ್ದು ರೀಸ್ಟಾರ್ಟ್ ಅಷ್ಟೇ. ಹೊಸ ಸಾಫ್ಟ್‌ವೇರ್ ಏನೇ ಹಾಕಿದರೂ, ಅವತ್ತೇ, ಹಾಕಿದವನು ಎದುರಿಗಿರುವಾಗಲೇ ಒಂದು ಸಲ ರೀಸ್ಟಾರ್ಟ್ ಕೊಡಿಸಿ. ಶಟ್‌ಡೌನ್ ಅಲ್ಲ, ರೀಸ್ಟಾರ್ಟ್.

ಎರಡು ಆಂಟಿವೈರಸ್ ಒಟ್ಟಿಗೆ ಯಾಕೆ ಇರಬಾರದು ಅಂತ ಭಾವ ಕೇಳಿದರು. ಒಂದಕ್ಕಿಂತ ಎರಡು ಒಳ್ಳೇದಲ್ವಾ ಅಂತ ಅವರ ವಾದ. ಆಂಟಿವೈರಸ್ ಕೆಲಸ ಮಾಡೋದು ಪ್ರತಿ ಫೈಲ್ ತೆರೆಯುವಾಗಲೂ ಮಧ್ಯೆ ಕೈ ಹಾಕಿ ತಡೆದು ನೋಡೋ ಮೂಲಕ. ಅದಕ್ಕೆ ಕರ್ನೆಲ್‌ನಲ್ಲಿ ತನ್ನದೊಂದು ಫಿಲ್ಟರ್ ಡ್ರೈವರ್ ಕೂರಿಸುತ್ತೆ. ಇಬ್ಬರು ಕೂತರೆ ಒಬ್ಬ ತೆರೆದ ಫೈಲನ್ನು ಇನ್ನೊಬ್ಬ ತಡೀತಾನೆ, ಅವನು ಮುಟ್ಟಿದ್ದನ್ನು ಇವನು ತಡೀತಾನೆ. ವಿಂಡೋಸ್ ಜೊತೆಗೇ ಬರೋ ಡಿಫೆಂಡರ್ ಮಾತ್ರ ಬೇರೆ ಆಂಟಿವೈರಸ್ ಬಂದರೆ ತಾನಾಗೇ ಹಿಂದೆ ಸರಿಯುತ್ತೆ. ಹೊರಗಿನ ಎರಡು ಕಂಪನಿಯವು ಹಾಗೆ ಒಂದಕ್ಕೊಂದು ಜಾಗ ಬಿಟ್ಟುಕೊಡ್ತವೆ ಅಂತ ನಂಬೋಕಾಗಲ್ಲ. ಇನ್ನು "ಎಕ್ಸ್‌ಪೈರ್ ಆಗಿದೆ" ಅಂದರೆ ಅಪ್‌ಡೇಟ್ ಬರಲ್ಲ ಅಂತ ಅರ್ಥ, ಡ್ರೈವರ್ ಎದ್ದು ಹೋಗಿದೆ ಅಂತ ಅಲ್ಲ. ಹಳೇದೂ ಅಲ್ಲೇ ಕೂತಿತ್ತು.

ಇಷ್ಟಾದರೂ ತಕ್ಷಣ ಸರಿಮಾಡೋಕೆ ಹೋಗಲಿಲ್ಲ. ಮೊದಲು ಫೈಲುಗಳನ್ನು ಹೊರಗೆ ತೆಗೀಬೇಕಿತ್ತು. ವಿಂಡೋಸ್ ಏಳದೆ ಫೈಲ್ ಹೇಗೆ ತೆಗೀತೀಯ ಅಂತ ಅಕ್ಕ. ಇದಕ್ಕೆ ನನಗೆ ತುಂಬಾ ಇಷ್ಟವಾದ ಒಂದು ಉಪಾಯ ಇದೆ.

ಲೋಗೋ ಬಂದು ಚುಕ್ಕಿ ಶುರುವಾದ ಕೂಡಲೇ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಿ. ಮತ್ತೆ ಆನ್, ಮತ್ತೆ ಅದೇ ಜಾಗದಲ್ಲಿ ಆಫ್. ಹೀಗೆ ಎರಡು ಮೂರು ಸಲ ಮಾಡಿದರೆ, ಏನೋ ಸರಿಯಿಲ್ಲ ಅಂತ ವಿಂಡೋಸಿಗೆ ಗೊತ್ತಾಗಿ "ಪ್ರಿಪೇರಿಂಗ್ ಆಟೋಮ್ಯಾಟಿಕ್ ರಿಪೇರ್" ಅಂತ ತಾನೇ ರಿಕವರಿಗೆ ಹೋಗುತ್ತೆ. ಹಳೇ ಕಾಲದಲ್ಲಿ ಎಫ್8 ಒತ್ತಿದರೆ ಸಾಕಿತ್ತು, ವಿಂಡೋಸ್ 8ರಿಂದ ಈಚೆಗೆ ಅದು ಆಫ್ ಆಗಿರುತ್ತೆ, ಸುಮ್ನೆ ಕೀ ಸವೆಸಬೇಡಿ. ಅಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್, ಟ್ರಬಲ್‌ಶೂಟ್, ಮತ್ತೆ ಅಡ್ವಾನ್ಸ್ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್. ಕಪ್ಪು ಕಿಟಕಿ ತೆರೆಯುತ್ತೆ. ಅದರಲ್ಲಿ ನೋಟ್‌ಪ್ಯಾಡ್ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ಹೌದು, ಮಾಮೂಲಿ ನೋಟ್‌ಪ್ಯಾಡೇ. ಅದರ ಫೈಲ್ ಮೆನುವಿನಲ್ಲಿ ಓಪನ್ ಕೊಟ್ಟರೆ ಬರೋ ಪೆಟ್ಟಿಗೆಯಲ್ಲಿ ಇಡೀ ಕಂಪ್ಯೂಟರ್ ಕಾಣುತ್ತೆ. ಕೆಳಗೆ ಟೆಕ್ಸ್ಟ್ ಡಾಕ್ಯುಮೆಂಟ್ಸ್ ಅಂತ ಇರೋದನ್ನು ಆಲ್ ಫೈಲ್ಸ್ ಮಾಡಿ. ಈಗ ಯಾವ ಫೋಲ್ಡರ್ ಮೇಲೆ ಬೇಕಾದರೂ ರೈಟ್ ಕ್ಲಿಕ್ ಮಾಡಿ ಕಾಪಿ ಕೊಡಿ, ಹೊರಗಿನ ಹಾರ್ಡ್ ಡಿಸ್ಕಿಗೆ ಹೋಗಿ ಪೇಸ್ಟ್ ಕೊಡಿ. ಎರಡು ವಿಷಯ ನೆನಪಿರಲಿ. ನಿಮ್ಮ ಸಿ ಡ್ರೈವ್ ಇಲ್ಲಿ ಡಿ ಅಂತಲೋ ಇ ಅಂತಲೋ ಕಾಣಬಹುದು, ಗಾಬರಿ ಆಗಬೇಡಿ, ಒಳಗೆ ಯೂಸರ್ಸ್ ಫೋಲ್ಡರ್ ಇರೋದು ಯಾವುದು ನೋಡಿ. ಇನ್ನೊಂದು, ಪೇಸ್ಟ್ ಕೊಟ್ಟ ಮೇಲೆ ಎಷ್ಟಾಯಿತು ಅಂತ ತೋರಿಸೋ ಹಸಿರು ಪಟ್ಟಿ ಬರಲ್ಲ. ಪರದೆ ಹ್ಯಾಂಗ್ ಆದ ಹಾಗೆ ಇರುತ್ತೆ. ಹಾರ್ಡ್ ಡಿಸ್ಕಿನ ಲೈಟ್ ಮಿಣುಕ್ತಾ ಇದ್ದರೆ ಕೆಲಸ ನಡೀತಿದೆ ಅಂತ ಅರ್ಥ. ಆ ಹೊತ್ತಿನಲ್ಲಿ ಕೀಬೋರ್ಡ್ ಕುಟ್ಟಬಾರದು. ಭಾವನನ್ನು ಟೀ ತರೋಕೆ ಕಳಿಸಿದೆ.

ಡೆಸ್ಕ್‌ಟಾಪ್ ಪೂರ್ತಿ, ಡಾಕ್ಯುಮೆಂಟ್ಸ್, ಆಮೇಲೆ ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್, ಎಲ್ಲ ಕಾಪಿ ಆಯಿತು. ಇಷ್ಟು ಕೈಯಲ್ಲಿದ್ದರೆ ಮುಂದೆ ಏನೇ ಆದರೂ ಮದುವೆ ನಿಲ್ಲಲ್ಲ.

ಹೊಸ ಲ್ಯಾಪ್‌ಟಾಪ್ ಇರೋರಿಗೆ ಇಲ್ಲೇ ಒಂದು ಮಾತು. ಈಚಿನ ಬಹಳಷ್ಟು ಮಷೀನುಗಳಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಆಗಿರುತ್ತೆ, ಅಂದರೆ ಕೀ ಇಲ್ಲದೆ ಓದೋಕಾಗದ ಹಾಗೆ ಬೀಗ ಬಿದ್ದಿರುತ್ತೆ, ನಿಮಗೆ ಗೊತ್ತೇ ಇಲ್ಲದ ಹಾಗೆ. ರಿಕವರಿಗೆ ಹೋದರೆ ಬಿಟ್‌ಲಾಕರ್ ಕೀ ಕೇಳುತ್ತೆ, 48 ಅಂಕಿಯದು. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿದ್ದರೆ ಅದು ಸಾಮಾನ್ಯವಾಗಿ ಆ ಖಾತೆಯಲ್ಲೇ ಸೇವ್ ಆಗಿರುತ್ತೆ, ಮೊಬೈಲಿನಿಂದಲೂ ನೋಡಬಹುದು. ಯಾವ ಖಾತೆ ಅಂತಲೇ ಮರೆತಿದ್ದರೆ ಕಷ್ಟ. ಎಲ್ಲ ಚೆನ್ನಾಗಿರೋ ಇವತ್ತೇ ಆ ಅಂಕಿ ಒಂದು ಡೈರಿಯಲ್ಲಿ ಬರೆದಿಡಿ. ಅಕ್ಕನ ಮಷೀನ್ ಹಳೇದಾದ್ದರಿಂದ ಈ ಕಾಟ ಇರಲಿಲ್ಲ.

ಸ್ಟಾರ್ಟಪ್ ರಿಪೇರ್ ಒಂದು ಸಲ ಓಡಿಸಿದೆ. ಸರಿಮಾಡೋಕೆ ಆಗಲಿಲ್ಲ ಅಂತ ಕೈ ಎತ್ತಿತು. ಅದು ಸಾಮಾನ್ಯ. ಸಿಸ್ಟಮ್ ರಿಸ್ಟೋರ್ (ವಿಂಡೋಸನ್ನು ಹಿಂದೆ ಗುರುತಿಟ್ಟ ಸ್ಥಿತಿಗೆ ವಾಪಸ್ ಒಯ್ಯೋ ವ್ಯವಸ್ಥೆ) ನೋಡಿದರೆ ಅಂಥ ಗುರುತು, ಅಂದರೆ ರಿಸ್ಟೋರ್ ಪಾಯಿಂಟ್, ಒಂದೂ ಇಲ್ಲ, ಆಫ್ ಆಗೇ ಇತ್ತು. ಇದ್ದಿದ್ದರೆ ಕೆಲಸ ಅಲ್ಲೇ ಮುಗೀತಿತ್ತು. ಸರಿ, ಸೇಫ್ ಮೋಡ್. ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್, ಪಟ್ಟಿ ಬಂದಾಗ 4. ಸೇಫ್ ಮೋಡ್‌ನಲ್ಲಿ ವಿಂಡೋಸ್ ತನಗೆ ತೀರಾ ಬೇಕಾದ ಡ್ರೈವರುಗಳನ್ನು ಮಾತ್ರ ಕರೀತದೆ. ಕಪ್ಪು ಹಿನ್ನೆಲೆ, ನಾಲ್ಕು ಮೂಲೆಯಲ್ಲಿ ಸೇಫ್ ಮೋಡ್ ಅಂತ ಅಕ್ಷರ, ನಡುವೆ ಅಕ್ಕನ ಐಕಾನುಗಳೆಲ್ಲ ದಪ್ಪ ದಪ್ಪ. "ಅಯ್ಯೋ ಎಲ್ಲಾ ಇದೆ" ಅಂದಳು. ಎಲ್ಲ ಇರುತ್ತೆ. ಬೂಟ್ ಆಗಲ್ಲ ಅಂದ ಮಾತ್ರಕ್ಕೆ ಡೇಟಾ ಹೋಯಿತು ಅಂತ ಅಲ್ಲ.

ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಹೊಸ ಆಂಟಿವೈರಸ್ ಅನ್‌ಇನ್‌ಸ್ಟಾಲ್ ಕೊಟ್ಟರೆ, ವಿಂಡೋಸ್ ಇನ್‌ಸ್ಟಾಲರ್ ಸರ್ವಿಸ್ ಸಿಗ್ತಿಲ್ಲ ಅನ್ನೋ ಸಂದೇಶ. ಇಲ್ಲಿಗೆ ಬಂದ ಬಹಳ ಜನ ಸೋತು ಫಾರ್ಮ್ಯಾಟ್ ಕಡೆ ತಿರುಗ್ತಾರೆ. ಸೇಫ್ ಮೋಡ್‌ನಲ್ಲಿ ಆ ಸರ್ವಿಸ್ ಓಡಲ್ಲ, ಅಷ್ಟೇ ವಿಷಯ. ಅದನ್ನು ರಿಜಿಸ್ಟ್ರಿಯಲ್ಲಿ (ವಿಂಡೋಸ್ ತನ್ನ ಸೆಟ್ಟಿಂಗ್ಸ್ ಬರೆದಿಡೋ ಜಾಗ) ಸೇರಿಸಿ ಓಡಿಸೋ ದಾರಿಯೂ ಇದೆ. ಆದರೆ ಆಂಟಿವೈರಸ್‌ಗಳಿಗೆ ಅದಕ್ಕಿಂತ ಸುಲಭದ ದಾರಿ ಇದೆ: ಹೆಸರಾಂತ ಕಂಪನಿಗಳು ತಮ್ಮ ಸಾಫ್ಟ್‌ವೇರ್ ಬುಡಸಮೇತ ಕೀಳೋಕೆ ಅಂತಲೇ ಒಂದು ಪ್ರತ್ಯೇಕ ರಿಮೂವಲ್ ಟೂಲ್ ಕೊಡ್ತಾರೆ. ಅದನ್ನು ಕಂಪನಿಯ ಸ್ವಂತ ವೆಬ್‌ಸೈಟಿನಿಂದಲೇ ಇಳಿಸಿಕೊಳ್ಳಬೇಕು, ಗೂಗಲ್‌ನಲ್ಲಿ ಮೊದಲು ಸಿಕ್ಕಿದ ಕಡೆಯಿಂದಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಇಳಿಸಿ ಪೆನ್ ಡ್ರೈವಿನಲ್ಲಿ ತಂದು ಓಡಿಸಿದೆ. ಹಳೇ ಆಂಟಿವೈರಸ್ಸಿಗೂ ಅದರ ಕಂಪನಿಯ ಟೂಲ್ ಹಾಕಿ ಅದನ್ನೂ ಕಿತ್ತೆ. ರೀಸ್ಟಾರ್ಟ್. ಲೋಗೋ, ಚುಕ್ಕಿ, ಚುಕ್ಕಿ, ಚುಕ್ಕಿ, ಅಕ್ಕನ ಮನೆ ನಾಯಿಯ ವಾಲ್‌ಪೇಪರ್.

ನೋಡಿ, ಇದು ಹಳ್ಳಿ ಕಡೆಯ ಹಳೇ ಕಂಪ್ಯೂಟರಿಗೆ ಮಾತ್ರ ಬರೋ ತೊಂದರೆ ಏನಲ್ಲ. 2024ರ ಜುಲೈ 19ರಂದು ಪ್ರಪಂಚದ ತುಂಬ ಇದೇ ನೀಲಿ ಪರದೆ ಬಂದಿತ್ತಲ್ಲ, ಅದಕ್ಕೂ ಕಾರಣ ಒಂದು ಭದ್ರತಾ ಸಾಫ್ಟ್‌ವೇರಿನ ಡ್ರೈವರೇ. ಕ್ರೌಡ್‌ಸ್ಟ್ರೈಕ್ ಕಂಪನಿ ಕಳಿಸಿದ ಒಂದು ಅಪ್‌ಡೇಟ್ ಫೈಲಿನಲ್ಲಿ ದೋಷ ಇತ್ತು. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಮಲಗಿದವು. ವಿಮಾನಗಳು ನಿಂತವು, ನಮ್ಮ ದೇಶದಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಅವತ್ತು ಕಂಪನಿ ಹೇಳಿದ ಪರಿಹಾರ ಏನು ಗೊತ್ತಾ? ಸೇಫ್ ಮೋಡಿಗೆ ಹೋಗಿ, ಡ್ರೈವರ್ಸ್ ಫೋಲ್ಡರಿನಲ್ಲಿ ಆ ಒಂದು ಫೈಲ್ ಡಿಲೀಟ್ ಮಾಡಿ, ರೀಸ್ಟಾರ್ಟ್ ಕೊಡಿ. ದೊಡ್ಡ ದೊಡ್ಡ ಆಫೀಸುಗಳಲ್ಲಿ ಐಟಿಯವರು ಒಂದೊಂದೇ ಮಷೀನಿನ ಮುಂದೆ ಕೂತು, ಬಿಟ್‌ಲಾಕರ್ ಕೀ ಟೈಪ್ ಮಾಡಿ, ಇದನ್ನೇ ಮಾಡಿದರು.

ಹಾಗಂತ ಫಾರ್ಮ್ಯಾಟ್ ಯಾವತ್ತೂ ಬೇಡ ಅಂತ ನಾನು ಹೇಳ್ತಿಲ್ಲ. ಡಿಸ್ಕ್ ಸಾಯ್ತಾ ಇದ್ದರೆ, ಅಥವಾ ಕ್ರ್ಯಾಕ್ ಹಾಕಿದ ಸಾಫ್ಟ್‌ವೇರಿನಿಂದ ಒಳಗೆ ಏನೇನು ಸೇರಿಕೊಂಡಿದೆ ಅಂತಲೇ ತಿಳಿಯದಿದ್ದರೆ, ಫೈಲ್ ತೆಗೆದುಕೊಂಡು ಫಾರ್ಮ್ಯಾಟ್ ಮಾಡೋದೇ ಸರಿ. ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಅಕ್ಕನೂ ಮಷೀನ್ ಬದಲಾಯಿಸೋ ಯೋಚನೆಯಲ್ಲಿದ್ದಾಳೆ. ಆದರೆ ಅದು ಸೀಸನ್ ಮುಗಿದ ಮೇಲೆ, ಪುರುಸೊತ್ತಾಗಿ ಮಾಡೋ ಕೆಲಸ. ಗಿರಾಕಿ ಪ್ರೂಫ್ ನೋಡೋಕೆ ಬಾಗಿಲಲ್ಲಿ ನಿಂತಿರುವಾಗ ಅಲ್ಲ.

ಹೊರಡೋ ಮುಂಚೆ ಸಿಸ್ಟಮ್ ಪ್ರೊಟೆಕ್ಷನ್ ಆನ್ ಮಾಡಿ ಒಂದು ರಿಸ್ಟೋರ್ ಪಾಯಿಂಟ್ ಇಟ್ಟೆ. ಡಿಫೆಂಡರ್ ವಾಪಸ್ ಕೆಲಸಕ್ಕೆ ಬಂದಿದೆಯಾ ನೋಡಿದೆ, ಬಂದಿತ್ತು. ಗಿರಾಕಿಗಳ ಪೆನ್ ಡ್ರೈವಿಗೆ ಅಷ್ಟು ಸಾಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಟಿಕ್ ತೆಗೆದೆ. ವೇಗವಾಗಿ ಓದೋ ಎಸ್‌ಎಸ್‌ಡಿ ಡಿಸ್ಕ್ ಇರೋದರಿಂದ ಬೂಟ್ ಆಗೋದರಲ್ಲಿ ಅಂಥಾ ವ್ಯತ್ಯಾಸ ಏನೂ ಕಾಣಲಿಲ್ಲ.

ಕಳೆದ ವಾರ ಯುಪಿಎಸ್ ಹುಡುಗ ಮತ್ತೆ ಬಂದಿದ್ದನಂತೆ. ಕಂಪ್ಯೂಟರ್ ಫಾಸ್ಟ್ ಆಗೋಕೆ ಒಂದು ಕ್ಲೀನರ್ ಬಂದಿದೆ ಮೇಡಮ್, ಫ್ರೀ, ಹಾಕ್ಲಾ ಅಂದನಂತೆ. "ನೀನು ಬ್ಯಾಟರಿ ನೀರು ನೋಡಪ್ಪ ಸಾಕು" ಅಂತ ಅಕ್ಕ ಕಳಿಸಿದ್ದಾಳೆ.